ಸೀಟಿ ಊದಿದವಳನ್ನೇ ಬಿಟ್ಟು ಹೋದ ಬಸ್ಸು

ನನಗೆ ಬೇಕಾಗಿದ್ದದ್ದು ರೈಲಿನ ಕೆಲಸ. ಕರಿ ಕೋಟು ಹಾಕಿಕೊಂಡು ಡಬ್ಬಿಯಿಂದ ಡಬ್ಬಿಗೆ ದಾಟುತ್ತ ಟಿಕೆಟ್ ನೋಡುವ ಕೆಲಸ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಹಾಸ್ಟೆಲ್ಲಿನ ಕಿಟಕಿಯಿಂದ ರೈಲು ಕಾಣುತ್ತಿತ್ತು ಎಂದು ಬರೆಯಹೊರಟೆ. ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ರೈಲ್ವೆ ಪರೀಕ್ಷೆಯನ್ನು ಎರಡು ಸಲ ಬರೆದೆ, ಎರಡು ಸಲವೂ ಪತ್ರ ಬರಲಿಲ್ಲ. ಸಂಗೊಳ್ಳಿಯ ಮನೆಯಲ್ಲಿ ಅವ್ವ ಸಮಾಧಾನ ಹೇಳಿದ್ದು ಹೀಗೆ: "ಬೈಲಹೊಂಗಲಕ್ಕ ರೈಲಿಲ್ಲ, ಕಿತ್ತೂರಿಗಿಲ್ಲ, ಸವದತ್ತಿಗಿಲ್ಲ, ರಾಮದುರ್ಗಕ್ಕಿಲ್ಲ. ರೈಲಿನ ನೌಕರಿ ತಗೊಂಡು ಎಲ್ಲಿ ಇಳೀತಿದ್ದಿ ನೀ?"

ಆಮೇಲೆ ಬಸ್ ಕಂಡಕ್ಟರ್ ಹುದ್ದೆಗೆ ಅರ್ಜಿ ಕರೆದರು. ಹಾಕಿದೆ, ಸಿಕ್ಕಿತು. ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಟಿಕೆಟ್ ಮಶೀನು ಇನ್ನೂ ಬಂದಿರಲಿಲ್ಲ. ಬಣ್ಣಬಣ್ಣದ ಟಿಕೆಟ್ ಕಟ್ಟುಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿಕೊಂಡು, ಹರಿದು, ಇಕ್ಕಳದಿಂದ ತೂತು ಹೊಡೆದು ಕೊಡುವ ಕಾಲ.

ಮೊದಲು ಕೋಣೆಯಲ್ಲಿ ಪಾಠ, ನಂತರ ಹದಿನೈದು ದಿನ ಹಿರಿಯ ಕಂಡಕ್ಟರೊಬ್ಬರ ಜೊತೆ ಬಸ್ಸಿನಲ್ಲಿ ಓಡಾಟ. ನನಗೆ ಸಿಕ್ಕವರು ನಿವೃತ್ತಿಗೆ ಬಂದಿದ್ದ, ಬಿಳಿ ಮೀಸೆಯ ಮನುಷ್ಯ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು 'ಎಂಎ ಬಾಯಿ' ಎನ್ನುತ್ತಿದ್ದರು. ನನ್ನ ತರಬೇತಿ ಪುಸ್ತಕದ ಕೊನೆಯ ಪುಟ ತುಂಬಬೇಕಾದವರು ಅವರೇ. ಹದಿನೈದನೆಯ ದಿನ ಅಲ್ಲಿ 'ಒಬ್ಬರೇ ಹೋಗಬಲ್ಲರು' ಎಂದು ಬರೆದರೆ ಮರುದಿನದಿಂದ ನನಗೊಂದು ಬಸ್ಸು. ಬರೆಯದಿದ್ದರೆ ಇನ್ನೊಮ್ಮೆ ಮೊದಲಿಂದ. ನನಗಿಂತ ಮುಂಚೆ ನಮ್ಮ ಬೈಲಹೊಂಗಲದ ಡಿಪೋದಲ್ಲಿ ಹೆಣ್ಣುಮಗಳೊಬ್ಬಳೂ ಟಿಕೆಟ್ ಹರಿದಿರಲಿಲ್ಲ ಎಂದು ಹೇಳಿಕೊಂಡು ತಿರುಗಿದ್ದೇನೆ. ಅದು ಖರೆಯೋ ಅಲ್ಲವೋ ಈಗ ಖಾತ್ರಿಯಿಲ್ಲ. ಆದರೆ 'ಹದಿನೈದು ದಿನ ತಡೀತಾಳೋ ಇಲ್ಲೋ' ಎಂದು ಡಿಪೋದವರು ಚಹಾದ ಪಣ ಕಟ್ಟಿದ್ದು ನನ್ನ ಆಗಿನ ದಿನಚರಿಯಲ್ಲಿದೆ, ಸಿಟ್ಟಿನ ಅಕ್ಷರದಲ್ಲಿ.

ಮೊದಲ ವಾರ ಕಿತ್ತೂರಿನ ಬಸ್ಸು. ಕಾಲೇಜು ಹುಡುಗರು ಬಾಗಿಲಲ್ಲೇ ಜೋತುಬಿದ್ದಿದ್ದರು. "ದಯವಿಟ್ಟು ಎಲ್ಲರೂ ಸ್ವಲ್ಪ ಮುಂದೆ ಸರಿಯಿರಿ" ಎಂದೆ.

"ಲೇ, ರೇಡಿಯೋದಾಗ ವಾರ್ತಾ ಓದೂ ಬಾಯಾರು ಬಂದಾರೋ!" ಎಂದ ಒಬ್ಬ. ಇಡೀ ಬಸ್ಸು ನಕ್ಕಿತು. ಯಾರೂ ಸರಿಯಲಿಲ್ಲ.

ಹಿಂದಿನಿಂದ ಕಾಕಾ ಕೂಗಿದರು: "ಮುಂದ ತಂಪ ಗಾಳಿ ಐತಿ ಬರ್ರಿ! ಇಲ್ಲೇ ನಿಂತು ಧೂಳ ತಿಂತೀರೇನು?" ಹುಡುಗರು ಸರಿದರು. ಮುಂದೆ ಗಾಳಿಯೇನೂ ಇರಲಿಲ್ಲ, ಎಂಜಿನ್ನಿನ ಕಾವಿತ್ತು. ಕಾಕಾ ನನಗೆ ಮೆಲ್ಲಗೆ ಹೇಳಿದರು: "ಮಂದಿಗೆ ಸರೀರಿ ಅಂದ್ರ ಸರಿಯೂದಿಲ್ಲ ಎಂಎ ಬಾಯಿ. ಸರದ್ರ ಏನ ಸಿಗತೈತಿ ಅಂತ ಹೇಳಬೇಕು."

ಎರಡನೆಯ ವಾರ ರಾಮದುರ್ಗದ ಬಸ್ಸಿಗೆ ಹಾಕಿದರು. ಅದರ ಡ್ರೈವರ್ ರಾಮದುರ್ಗದವರೇ. ಎಲ್ಲರೂ ಅವರಿಗೆ ಚಾಚಾ ಎನ್ನುತ್ತಿದ್ದರು. ಮೊದಲ ದಿನವೇ ಅವರು ತಮ್ಮ ಕಾಯ್ದೆ ತಿಳಿಸಿದರು: "ನನಗ ಕಿವಿ ಎರಡದಾವ, ಬೆನ್ನಿಗೆ ಕಣ್ಣಿಲ್ಲ. ಒಂದ ಗಂಟಿ ಹೊಡದ್ರ ನಿಂದರತೇನಿ. ಎರಡ ಹೊಡದ್ರ ಹೊಂಡತೇನಿ. ಸೀಟಿಗೂ ಅದ ಲೆಕ್ಕ. ಹೊಳ್ಳಿ ನೋಡೂದು ನನ್ನ ಕೆಲಸ ಅಲ್ಲ ಬೇಟಿ." ಬಸ್ಸಿನ ಉದ್ದಕ್ಕೂ ಒಂದು ಹಗ್ಗ ಎಳೆದಿತ್ತು. ಜಗ್ಗಿದರೆ ಚಾಚಾನ ತಲೆಯ ಹತ್ತಿರ ಗಂಟೆ ಬಡಿಯುತ್ತಿತ್ತು.

ಹದಿನೈದನೆಯ ದಿನ ಕಾಕಾ ಬಸ್ಸು ಹತ್ತಿದವರೇ ಕಿಟಕಿ ಪಕ್ಕ ಕುಳಿತರು. "ಇವತ್ತ ನಾ ಪ್ಯಾಸೆಂಜರ್. ನನ್ನ ಏನೂ ಕೇಳಬ್ಯಾಡ" ಎಂದು ಮುಖದ ಮೇಲೆ ಟವೆಲ್ ಎಳೆದುಕೊಂಡರು. ಸವದತ್ತಿಯವರೆಗೆ ಎಲ್ಲ ಚಂದ ನಡೆಯಿತು. ಅಲ್ಲಿ ಒಬ್ಬ ಅಜ್ಜಿ ಗಂಟು ಹೊತ್ತು ಹತ್ತಿದಳು. ಕಟಕೋಳಕ್ಕೆ ಹೋಗುವವಳು. ಬಾಗಿಲ ಹತ್ತಿರದ ಸೀಟು ಹಿಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದುವಿ ಆಗೇತೇನು?" ಎಂದು ಕೇಳಿ, ನಾನು ಇಲ್ಲವೆಂದಾಗ "ಆತು, ನೌಕರಿಯರ ಆಗೇತಲ್ಲ" ಎಂದಳು.

ಕಟಕೋಳಕ್ಕಿಂತ ಮೊದಲು ಒಂದು ಸಣ್ಣ ಊರಿಗೆ ಬಸ್ಸು ದೊಡ್ಡ ರಸ್ತೆ ಬಿಟ್ಟು ಒಳಗೆ ಹೋಗಬೇಕು. ತಿರುಗಿಸಲು ಜಾಗವಿಲ್ಲ. ಬೇವಿನ ಗಿಡದ ಕಟ್ಟೆಯವರೆಗೆ ಹಿಮ್ಮುಖ ಬಂದೇ ಹೊರಳಬೇಕು. ಕಂಡಕ್ಟರ್ ಕೆಳಗಿಳಿದು ದಾರಿ ತೋರಿಸಬೇಕು. ಇಳಿದೆ. ಬಸ್ಸಿನ ಬೆನ್ನು ಬಡಿಯುತ್ತ "ಬರ್ರಿ, ಬರ್ರಿ, ಬರ್ರಿ" ಎಂದು ಕೂಗುತ್ತ, ಕಟ್ಟೆಗೆ ಒಂದು ಗೇಣು ಉಳಿದಾಗ "ಹೋಲ್ಡಾನ್!" ಎಂದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು "ಭಲೇ ತಂಗೀ" ಎಂದರು.

ಆ ಭಲೇ ನನ್ನನ್ನು ಕೆಡಿಸಿತು. ಎದೆ ಉಬ್ಬಿಸಿ, ನಿಂತಲ್ಲೇ ನಿಂತು, ಎರಡು ಸೀಟಿ ಊದಿದೆ. ಚಾಚಾ ಕಾಯ್ದೆಯ ಮನುಷ್ಯ. ಬಸ್ಸು ಹೊರಟಿತು.

ಟಿಕೆಟ್ಟಿನ ತಟ್ಟೆ, ಚೀಲ, ಸೀಟಿ ಎಲ್ಲ ನನ್ನ ಹತ್ತಿರ. ಬಸ್ಸು ಮಾತ್ರ ಇಲ್ಲ. ಓಡಿದೆ. ಕೂಗುವ ಬದಲು ಸೀಟಿ ಊದುತ್ತ ಓಡಿದೆ, ಅದೂ ಅವಸರಕ್ಕೆ ಎರಡೆರಡು ಸಲ. ಕೇಳಿಸಿದ್ದರೂ ಚಾಚಾ ಇನ್ನಷ್ಟು ಜೋರಾಗಿ ಹೋಗುತ್ತಿದ್ದರು.

ಹಾಲಿನ ಕ್ಯಾನು ಕಟ್ಟಿದ್ದ ಮೊಪೆಡ್ಡಿನವನೊಬ್ಬ ನಿಲ್ಲಿಸಿದ. "ಕುಂದರ್ರಿ ಅಕ್ಕಾರ. ಇದಕ್ಕ ಟಿಕೆಟ್ ನೀವ ಹರೀತೀರೋ, ನಾ ಹರೀಬೇಕೋ?" ಕ್ಯಾನುಗಳು ಢಣಢಣ ಎನ್ನುತ್ತಿದ್ದವು ಎಂಬುದು ನನ್ನ ನೆನಪು. ಆದರೆ ಅದು ಬೆಳಗಿನ ಹೊತ್ತು, ಅವನು ಹಾಲು ಹಾಕಲು ಹೊರಟವನು. ತುಂಬಿದ ಕ್ಯಾನು ಹಾಗೆ ಸದ್ದು ಮಾಡುವುದಿಲ್ಲ. ಹೊತ್ತು ತಪ್ಪಿರಬೇಕು, ಇಲ್ಲವೆ ಸದ್ದು. ಎರಡರಲ್ಲಿ ಯಾವುದನ್ನು ಬಿಡಲೂ ಮನಸ್ಸಿಲ್ಲ.

ಎರಡು ಮೈಲಿಯ ಮೇಲೆ, ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಯಾರೋ ಇಳಿಯುವವನು ಹಗ್ಗ ಜಗ್ಗಿ ಒಂದು ಗಂಟೆ ಹೊಡೆದಿದ್ದ. ಚಾಚಾ ನಿಲ್ಲಿಸಿದ್ದರು. ಮತ್ತೆ ಎರಡು ಸಲ ಗಂಟೆ ಬಡಿಯಲಿಲ್ಲ, ಅವರು ಹೊರಡಲಿಲ್ಲ. ಆಗ ಮಂದಿಗೆ ಕಂಡಕ್ಟರ್ ಇಲ್ಲದ್ದು ತಿಳಿದಿದೆ. ಹಚ್ಚಡ ಹೊದ್ದ ಅವಸರದವನೊಬ್ಬ ತಾನೇ ಹಗ್ಗಕ್ಕೆ ಕೈ ಹಾಕಿದ್ದಾನೆ. ಕಟಕೋಳದ ಅಜ್ಜಿ ಎದ್ದು ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಿದ್ದಾಳೆ. ನಾನು ಬಂದಾಗಲೂ ಹಿಡಿದೇ ಇದ್ದಳು.

"ಬಾ ಯವ್ವಾ, ಬಾ. ಈ ಹಚ್ಚಡದಾಂವಗ ಭಾಳ ಗಡಿಬಿಡಿ. ಆಕಿ ಬರೂತನ ಹಗ್ಗಕ್ಕ ಕೈ ಹಚ್ಚಿದ್ರ ನೋಡ ಅಂದೇನಿ."

"ನಮ್ಮ ಬೀಗರ ಮನ್ಯಾಗ ಊಟಕ್ಕ ಕಾಯಾಕತ್ತಾರ್ರಿ ಆಯೀ" ಎಂದ ಹಚ್ಚಡದವನು.

"ಕಾಯಲಿ. ಒಬ್ಬಾಂವ ಇಳದಾನ, ಇಬ್ಬರು ಹೆಣ್ಣಮಕ್ಕಳು ಹತ್ಯಾರ, ಅಲ್ಲಿ ಕುಂತಾರ. ಅವರಿಗೆ ಟಿಕೆಟ್ ಕೊಡ. ನಾ ಯಾರನೂ ಹಂಗ ಬಿಟ್ಟಿಲ್ಲ."

ಎಲ್ಲ ಕಿಟಕಿಗಳಿಂದ ತಲೆಗಳು ಹೊರಬಂದು ನಗುತ್ತಿದ್ದ ಚಿತ್ರ ನನ್ನ ಕಣ್ಣಲ್ಲಿದೆ. ಆ ಬಸ್ಸಿನ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು, ತಲೆ ಹೊರಬರಲು ಸಾಧ್ಯವೇ ಇಲ್ಲ. ನಗು ಮಾತ್ರ ಇತ್ತು, ಅದರ ಬಗ್ಗೆ ಅನುಮಾನವಿಲ್ಲ. ನನಗೂ ನಗು ಬಂತು. ಬಾಗಿಲಲ್ಲಿ ಗುಂಪು ಕಟ್ಟಿದವರಿಗೆ ನಾನು ಕೂಗಿದ್ದು ನನಗೇ ಹೊಸದಾಗಿ ಕೇಳಿಸಿತು: "ನೋಡಿದ್ದು ಸಾಕು, ಮುಂದ ನಡೀರಿ! ಕಟಕೋಳದಾಗ ಬಿಸಿ ಮಿರ್ಚಿ ಕರದಿರತಾರ, ತಡಾ ಮಾಡಿದ್ರ ತೀರತಾವ!" ಮಂದಿ ಸರಿದರು. ಒಳಗೆ ಕಾಲಿಟ್ಟು, ಎರಡೂ ಕಾಲು ಒಳಗಿವೆಯೆಂದು ನೋಡಿಕೊಂಡು, ಎರಡು ಗಂಟೆ ಹೊಡೆದೆ.

ಚಾಚಾ ಹೊರಳಿ ನೋಡಲಿಲ್ಲ. "ಬೇಟಿ, ಎಲ್ಲಾರೂ ಹತ್ಯಾರೇನು?" ಎಂದು ಮಾತ್ರ ಕೇಳಿದರು.

ಇಷ್ಟೆಲ್ಲ ಆಗುವಾಗ ಕಾಕಾನ ಮುಖದ ಮೇಲೆ ಟವೆಲ್ ಹಾಗೆಯೇ ಇತ್ತು. ಕಟಕೋಳದಲ್ಲಿ ಅಜ್ಜಿ ಇಳಿದ ಮೇಲೆ ಅದನ್ನು ತೆಗೆದು, "ಎಲ್ಲಿ ಬಂದಿವಿ?" ಎಂದರು. ನಾನು ಊರಿನ ಹೆಸರಷ್ಟೇ ಹೇಳಿದೆ. ರಾಮದುರ್ಗದಲ್ಲಿ ಚಹಾ ಕುಡಿಯಲು ಕುಳಿತೆವು. ಮುಚ್ಚಿಟ್ಟು 'ಒಬ್ಬರೇ ಹೋಗಬಲ್ಲರು' ಎಂದು ಬರೆಸಿಕೊಂಡರೆ ಅದು ಯಾವ ಯೋಗ್ಯತೆ? ಹೇಳಿದರೆ ಹದಿನೈದು ದಿನ ನೀರಿಗೆ, ಡಿಪೋದಲ್ಲಿ ಯಾರೋ ಒಬ್ಬನಿಗೆ ಚಹಾ. ಕೊನೆಗೆ ಹೇಳಿಬಿಟ್ಟೆ. ಸೀಟಿ, ಕಟ್ಟೆ, ಮೊಪೆಡ್ಡು, ಅಜ್ಜಿ, ಎಲ್ಲ.

ಕಾಕಾ ಬಸಿಯಲ್ಲಿ ಉಳಿದ ಚಹಾ ಹೀರಿ, "ಹೊಳ್ಳಿ ಹೋಗೂವಾಗ ನೋಡೂನು" ಎಂದರು.

ಹೊಳ್ಳಿ ಬರುವಾಗ ಅವರು ಟವೆಲ್ ಮಡಚಿ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ಆ ಸಣ್ಣ ಊರು ಬಂತು. ಸುದ್ದಿ ಕಟ್ಟೆಯ ತುಂಬ ಹರಡಿತ್ತು, ಬೆಳಗಿಗಿಂತ ಹೆಚ್ಚು ಮಂದಿ ಸೇರಿದ್ದರು. ಇಳಿದೆ, ಬಸ್ಸು ಹಿಂದೆ ತರಿಸಿದೆ, ನಿಲ್ಲಿಸಿದೆ. ಈ ಸಲ ಯಾರೂ ಭಲೇ ಎನ್ನಲಿಲ್ಲ, ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ಮೆಟ್ಟಿಲು ಹತ್ತಿದೆ. "ಹತ್ತಿದಳೋ!" ಎಂದು ಕಟ್ಟೆಗೆ ಕಟ್ಟೆಯೇ ಕೂಗಿತು. ಗಂಟೆ ಹೊಡೆದೆ. ಬೈಲಹೊಂಗಲದವರೆಗೆ ನಾನು ಕಾಕಾನನ್ನು ಏನೂ ಕೇಳಬೇಕಾಗಲಿಲ್ಲ.

ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಅವರು ನನ್ನ ಪುಸ್ತಕ ತೆರೆದರು. ಪೆನ್ನಿನ ಟೋಪಿ ತೆಗೆದು ಕೇಳಿದರು: "ಬಸ್ ನಿನ್ನ ಬಿಟ್ಟು ಹೋಗಿತ್ತಂತ ಬರದ್ರ, ಆವಾಗ ನಾ ಎಲ್ಲಿದ್ದೆ ಅಂತ ಕೇಳತಾರಲ್ಲ?"

"ಖರೇನ ನಿದ್ದಿ ಹತ್ತಿತ್ತೇನ್ರಿ ಕಾಕಾ, ಇಲ್ಲಾ ಬೇಕಂತ ಸುಮ್ಮನಿದ್ರೋ?" ಎಂದೆ.

"ನಿದ್ದಿ ಹತ್ತಿದ್ರ ನಾ ಗೊರಕಿ ಹೊಡೀತೇನಿ. ಹೊಡೀತಿದ್ನೇನು?"

"ನನಗ ಹೆಂಗ ಗೊತ್ತಾಗಬೇಕ್ರಿ? ನಾ ಬಸ್ಸಿನಾಗ ಇರಲೇ ಇಲ್ಲಲ್ಲ."

ಅವರು ಪುಸ್ತಕ ತೊಡೆಯ ಮೇಲೆ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಪೂರ್ತಿ ನಿಲ್ಲುವ ಮುಂಚೆಯೇ ಬರೆದರು. ಹಾಗಾಗಿ 'ಒಬ್ಬರೇ ಹೋಗಬಲ್ಲರು' ಎಂಬ ಅಕ್ಷರಗಳು ಸ್ವಲ್ಪ ಅಲುಗಾಡಿವೆ. ಇದು ನೆನಪಲ್ಲ. ಆ ಪುಟ ಈಗಲೂ ನನ್ನ ಹತ್ತಿರ ಇದೆ.