ನವಮಿಯೋ ದಶಮಿಯೋ

ಪ್ರಾಣ ಹೋದ ಕ್ಷಣದಲ್ಲಿ ಯಾವ ತಿಥಿ ನಡೆಯುತ್ತಿತ್ತೋ ಆ ತಿಥಿಯಲ್ಲಿಯೇ ವರ್ಷ ವರ್ಷದ ಶ್ರಾದ್ಧ ನಡೆಯತಕ್ಕದ್ದು. ಮೀಂಜದ ಸುತ್ತಿನ ಮನೆಗಳಿಗೆ ಬಹುಕಾಲ ಪೌರೋಹಿತ್ಯ ನಡೆಸಿದ ನನಗೆ ಇದರಲ್ಲಿ ಎಂದೂ ಸಂದೇಹ ಬಂದದ್ದಿಲ್ಲ. ಒಬ್ಬ ಪೊಲೀಸ್ ಅಧಿಕಾರಿಯ ವಿಷಯದಲ್ಲಿ ಬಂತು.

ಉಪನಯನದಂದು ಅವನಿಗೆ ಸಂಧ್ಯಾವಂದನೆ ಹೇಳಿಕೊಟ್ಟವನು ನಾನೇ. ಎಸ್‌ಐ ಆದ ಮೇಲೂ ದಾರಿಯಲ್ಲಿ ನನ್ನನ್ನು ಕಂಡರೆ ಜೀಪು ನಿಲ್ಲಿಸಿ, ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮಾತಾಡುತ್ತಿದ್ದ. ಒಂದು ಸಂಜೆ ಬಂದ್ಯೋಡಿನ ಹತ್ತಿರ ಹೆದ್ದಾರಿಯಲ್ಲಿ ಕಳ್ಳ ಮರಳಿನ ಲಾರಿಗೆ ಕೈ ಅಡ್ಡ ಹಿಡಿದ. ಅದು ನಿಲ್ಲಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಮರಣದ ಸಮಯ ಐದೂವರೆ ಎಂದಿತ್ತು. ಪಂಚಾಂಗ ನೋಡಿದರೆ, ಐದಕ್ಕೆ ನವಮಿ ಕಳೆದು ದಶಮಿ ಹಿಡಿದಿತ್ತು. ದಶಮಿ ಎಂದು ನಿಶ್ಚಯಿಸಿದೆ. ಅವನಿಗೆ ಮದುವೆಯಾಗಿರಲಿಲ್ಲ, ತಂದೆ ಮೊದಲೇ ತೀರಿಕೊಂಡಿದ್ದರು. ತಮ್ಮನೇ ಮೂರು ವರ್ಷ ದಶಮಿಯಂದು ಪಿಂಡವಿಟ್ಟ.

ನಾಲ್ಕನೆಯ ಶ್ರಾದ್ಧಕ್ಕೆ ಕೆಲವು ದಿನಗಳಿರುವಾಗ ಮಧೂರು ದೇವಸ್ಥಾನಕ್ಕೆ ಹೋಗಿದ್ದೆ. ಅಲ್ಲಿ ಬಂದೋಬಸ್ತಿಗಿದ್ದ ಬ್ಯಾರಿ ಮುಸಲ್ಮಾನ ಪೊಲೀಸನೊಬ್ಬ ಗುರುತು ಹಿಡಿದು ಮಾತಾಡಿಸಿದ. ಆ ಸಂಜೆ ಹೆದ್ದಾರಿಯಲ್ಲಿ ಆ ಅಧಿಕಾರಿಯ ಜೊತೆಗಿದ್ದವನು ಇವನೇ. ಐದೂವರೆಗೆ ಹೋದವನಲ್ಲವೇ, ಶ್ರಾದ್ಧದ ದಶಮಿ ಹತ್ತಿರ ಬಂತು ಎಂದೆ. ಗಂಟೆ ಎಷ್ಟೆಂದು ನೋಡಿ ತಿಥಿ ಇಡುವುದೆಂದು ಅವನಿಗೆ ಆಗ ತಿಳಿಯಿತು. ನನ್ನನ್ನು ಜನರಿಂದ ಬದಿಗೆ ಕರೆದು ಹೇಳಿದ:

“ಭಟ್ರೇ, ಸಾರ್‌ಗೆ ಆಸ್ಪತ್ರೆವರೆಗೆ ಜೀವ ಇರಲಿಲ್ಲ. ಐದಕ್ಕೆ ಮುಂಚೆಯೇ, ರಸ್ತೆಬದಿಯಲ್ಲಿ, ನನ್ನ ತೊಡೆಯ ಮೇಲೆ ಹೋದದ್ದು. ತಾಯಿಗೆ ಸಮಾಧಾನ ಆಗಲಿ ಅಂತ, ಆಸ್ಪತ್ರೆಯಲ್ಲಿ ಹೋದದ್ದು ಎಂದು ನಾವು ಹೇಳಿದೆವು.”

ಕೊನೆಗೆ ನೀರು ಕೇಳಿದ್ದನಂತೆ. ಇವನು ತನ್ನ ಬಾಟಲಿಯಿಂದ ಎರಡು ಗುಟುಕು ಕುಡಿಸಿದ್ದ. ಬ್ರಾಹ್ಮಣರ ಮನೆಯವರಿಗೆ ಬೇಸರವಾದೀತೆಂದು ಅದನ್ನೂ ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ಜಪಕ್ಕೆ ಕುಳಿತರೆ ಬೆರಳು ಎಣಿಕೆ ತಪ್ಪುತ್ತಿತ್ತು. ಹಳೆಯ ಪಂಚಾಂಗವನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಮರಣತಿಥಿ ತಿಳಿಯದವರಿಗೆ ಅಮಾವಾಸ್ಯೆಯನ್ನು ಶಾಸ್ತ್ರ ಅನುಮತಿಸಿದೆ. ತಿಳಿದೂ ಸುಮ್ಮನಿರುವವನಿಗೆ ಏನನ್ನೂ ಅನುಮತಿಸಿಲ್ಲ. ನವಮಿ ಎಂದರೆ, ಮಗ ನಡುದಾರಿಯಲ್ಲಿ ಹೋದನೆಂದು ಆ ತಾಯಿಗೆ ಹೇಳಬೇಕು. ವೈದ್ಯರು ನಾಡಿ ಹಿಡಿದ ಹೊತ್ತನ್ನು ಪ್ರಾಣ ಹೋದ ಹೊತ್ತೆಂದು ಬಗೆದವನು ನಾನು. ಕಾಗದವನ್ನು ನೋಡಿದ್ದೆ, ಜೊತೆಗಿದ್ದ ಮನುಷ್ಯನನ್ನು ಕೇಳಿರಲಿಲ್ಲ.

ನವಮಿಗೆ ಮೂರು ದಿನವಿರುವಾಗ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಆ ತಾಯಿಯ ಕೈ ನಿಂತಿತು.

“ಹಾಗಾದರೆ ಮೂರು ವರ್ಷ ಇಟ್ಟದ್ದು ಅವನಿಗೆ ಮುಟ್ಟಲಿಲ್ಲವಾ?”

ಶ್ರದ್ಧೆಯಿಂದ ಮಾಡಿದ್ದು ವ್ಯರ್ಥವಾಗದು ಎಂದೆ. ನನ್ನ ಮಾತು ನನಗೇ ಸಾಲಲಿಲ್ಲ. ಅವರು ನೀರಿನ ವಿಷಯವನ್ನು ಇನ್ನೊಮ್ಮೆ ಹೇಳಿಸಿಕೊಂಡರು. ತಣ್ಣಗಿನ ನೀರೋ ಎಂದು ಕೇಳಿದರು. ನನಗದು ಗೊತ್ತಿರಲಿಲ್ಲ.

“ನವಮಿಗೇ ಮಾಡುವ. ನೀರು ಕೊಟ್ಟವನಿಗೂ ಬರಲಿಕ್ಕೆ ಹೇಳಿ, ಭಟ್ರೇ. ತಿಥಿಯ ಊಟ, ತಡ ಆಗ್ತದೆ ಅಂತಲೂ ಹೇಳಿ.”

ಅವನು ಬಂದ. ಜಗಲಿಯ ತುದಿಯಲ್ಲಿ ಕುಳಿತವನನ್ನು ಆ ತಾಯಿ ಒಳಗೆ ಕರೆದು ಕಂಬದ ಬಳಿ ಕೂರಿಸಿದರು. ಸಂಕಲ್ಪದಲ್ಲಿ ತಿಥಿಯ ಹೆಸರು ಬಂದಾಗ ನನ್ನ ಸ್ವರ ತಗ್ಗಿತು. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನವಮಿಯನ್ನು ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದೆ.