ಪೇಂಟಿನ ಕೆಳಗಿನ ಹಲಸು

ಇಂದಕ್ಕನ ಬಗ್ಗೆ ಯಾರಾದರೂ "ಪಾಪ, ಸಾಧು ಹೆಂಗಸು" ಅಂದರೆ ನನಗೆ ನಗು ತಡೆಯಲಾಗುವುದಿಲ್ಲ. ಅವಳು ಬಾಯಿ ತೆರೆದರೆ ಯಲಹಂಕದ ನಮ್ಮ ಲಾಡ್ಜಿನ ಮೇಲಿನ ಮಹಡಿಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದು ಹೊರಟ ಗಿರಾಕಿಯೊಬ್ಬನನ್ನು ರಿಸೆಪ್ಷನ್ನಿನವರೆಗೂ ಅಟ್ಟಿಸಿಕೊಂಡು ಬಂದು, "ನಿಮ್ ಮನೇಲೂ ಇಂಗೇ ಎಸೀತೀರಾ ಸ್ವಾಮಿ?" ಎಂದು ಕೇಳಿದವಳು ಅವಳು. ಆ ರಿಸೆಪ್ಷನ್ನಿನಲ್ಲಿ ಕೂರುವವಳು ನಾನು, ಚಿತ್ರಾ. ಇಂದಕ್ಕ ಬೈದವರಿಗೆಲ್ಲ ಸಾರಿ ಕೇಳುವುದು ನನ್ನ ಕೆಲಸ.

ಇಂದಕ್ಕ ಶೆಟ್ಟಿಹಳ್ಳಿಯವಳು. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಬಂದವಳು, ಈಗ ರೂಮುಗಳಿಗೆಲ್ಲ ಅವಳೇ ಯಜಮಾನಿ. ಹಾಸಿಗೆ, ಹೊದಿಕೆ, ಬಚ್ಚಲು, ನಲ್ಲಿ, ಎಲ್ಲ ಅವಳ ಮಾತು ಕೇಳಬೇಕು. ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು, ಎಲ್ಲ ಇಲ್ಲಿನ ಸಂಬಳದಲ್ಲೇ. ಅಳಿಯನ ಮನೆಯಲ್ಲಿ ಕೈಚಾಚಿ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಎಂದು ದಿನಕ್ಕೊಂದು ಸಲ ಹೇಳುತ್ತಾಳೆ. ಅಂಥವಳಿಗೆ ಈ ಲಾಡ್ಜು ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ ಅದು ಹೋಗಿಯೇಬಿಡುವುದರಲ್ಲಿತ್ತು.

ಲಾಡ್ಜು ಪುಟ್ಟೇನಹಳ್ಳಿಯ ಲಕ್ಕಣ್ಣನವರದ್ದು. ತಮ್ಮ ತೋಟದ ಜಾಗದಲ್ಲಿ ಅವರೇ ಕಟ್ಟಿಸಿದ್ದು. ತೋಟ ಹೋದರೂ ಬೇಸಾಯಗಾರರ ಅಭ್ಯಾಸ ಹೋಗಲಿಲ್ಲ. ಆಯುಧಪೂಜೆಗೆ ಗಾಡಿಗೂ ಎತ್ತಿನ ಕೊಂಬಿಗೂ ಬಣ್ಣ ಬಳಿದ ಕೈ ಅದು. ಗಾಡಿಯೂ ಇಲ್ಲ, ಎತ್ತೂ ಇಲ್ಲ ಅಂದಮೇಲೆ ಸುಮ್ಮನೆ ಕೂರುತ್ತದೆಯೇ? ಪ್ರತಿ ಆಯುಧಪೂಜೆಗೂ ಲಾಡ್ಜಿನ ಮಂಚ, ಕುರ್ಚಿ, ಮೇಜನ್ನೆಲ್ಲ ಅಂಗಳಕ್ಕೆ ಹೊರಿಸಿ, ಒಂದೊಂದು ಕೋಟು ಪೇಂಟು ಬಳಿದೇ ಪೂಜೆ. ಒಂದು ವರ್ಷ ನೀಲಿ, ಒಂದು ವರ್ಷ ಚಾಕಲೇಟ್ ಬಣ್ಣ, ಅಂಗಡಿಯಲ್ಲಿ ಯಾವ ಡಬ್ಬ ಸಿಕ್ಕಿತೋ ಅದು. ಹೀಗೆ ಬಳಿದೂ ಬಳಿದೂ ಮೇಜಿನ ಡ್ರಾಯರು ಎಳೆದರೆ ಬರುತ್ತಿರಲಿಲ್ಲ, ಬಂದರೆ ಮುಚ್ಚುತ್ತಿರಲಿಲ್ಲ.

ಗಿರಾಕಿಗಳು ಕಡಿಮೆಯಾಗುತ್ತ ಬಂದರು. "ಹಳೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ಹಾಗಾಯಿತು" ಎಂದು ಒಬ್ಬ ಮಹಾನುಭಾವ ಫೋಟೋ ಸಮೇತ ಇಂಟರ್ನೆಟ್ಟಿನಲ್ಲಿ ಬರೆದ. ವ್ಯವಹಾರ ನೋಡಿಕೊಳ್ಳುತ್ತಿದ್ದ ಲಕ್ಕಣ್ಣನವರ ಮಗ ನಾಗಭೂಷಣ ಹೊಸ ಫರ್ನಿಚರಿಗೆ ಕೊಟೇಶನ್ ತರಿಸಿದರು. ಅದನ್ನು ನೋಡಿ ಒಂದು ಬಾಟಲಿ ನೀರು ಕುಡಿದರು.

"ಆಗಲ್ಲ ಕಣ್ರೀ ಚಿತ್ರಾ," ಅಂದರು. "ಪಿ.ಜಿ. ನಡೆಸೋರು ಕೇಳ್ತಿದಾರೆ. ಲೀಸಿಗೆ ಕೊಟ್ಬಿಡ್ತೀನಿ. ಅವರ ಮಂಚ ಅವರೇ ತರ್ತಾರೆ, ಅವರ ಜನ ಅವರೇ ಇಟ್ಕೋತಾರೆ."

ಅವರ ಜನ ಅವರೇ! ಬಾಗಿಲ ಹತ್ತಿರ ನಿಂತಿದ್ದ ಇಂದಕ್ಕನಿಗೆ ಅದು ಕೇಳಿಸಿತು. ಅವಳು ಅವತ್ತು ಯಾರನ್ನೂ ಬೈಯಲಿಲ್ಲ. ನನಗೆ ಭಯವಾಗಿದ್ದು ಅದಕ್ಕೇ.

ಹಳೆಯ ಸಾಮಾನು ಒಯ್ಯಲು ಯಶವಂತಪುರದಿಂದ ಗುಜರಿ ತಾಜುದ್ದೀನ್ ಟೆಂಪೊ ತಂದ. ಈ ತಾಜುದ್ದೀನ್ ಎಂಥ ಮನುಷ್ಯ ಅಂದರೆ, ಖಾಲಿ ಬಾಟಲಿಗೂ ಅರ್ಧ ಗಂಟೆ ಚೌಕಾಸಿ ಮಾಡುವವನು. ಹಳೇ ಪೇಪರು ತೂಗುವಾಗ ಇಂದಕ್ಕನಿಗೂ ಅವನಿಗೂ ಆಗುವ ಜಗಳ ನೋಡಲು ಎದುರಿನ ಬೇಕರಿಯವರು ಬಂದು ನಿಲ್ಲುತ್ತಿದ್ದರು. ಅವತ್ತು ಅವನು ಒಂದು ಮಂಚವನ್ನು ಮಗುಚಿ, ಕಾಲಿನ ಒಳಬದಿಯನ್ನು ಟೆಂಪೊ ಕೀಲಿಯಿಂದ ಸ್ವಲ್ಪ ಕೆರೆದು, ಎದ್ದು ನಿಂತ.

"ನೀವ್ ಹೇಳಿದ್ ರೇಟಿಗೇ ಆಯ್ತು ಸಾರ್, ಎಲ್ಲಾ ಲೋಡ್ ಮಾಡಿಸ್ತೀನಿ," ಅಂದ.

ನಾಗಭೂಷಣ ಖುಷಿಪಟ್ಟರು. ಇಂದಕ್ಕನ ಕಿವಿ ನೆಟ್ಟಗಾಯಿತು.

"ಚಿತ್ರಮ್ಮ, ಈ ನನ್ಮಗ ಚೌಕಾಸೀನೇ ಮಾಡ್ಲಿಲ್ಲ!" ಅಂದವಳೇ ಸೆರಗು ಸಿಕ್ಕಿಸಿಕೊಂಡು ಟೆಂಪೊ ಹತ್ತಿ, ಆಗಲೇ ಏರಿಸಿದ್ದ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಇಳೀಯಕ್ಕಾ, ಟೈಮಾಯ್ತು," ಎಂದ ತಾಜುದ್ದೀನ್.

"ಏನ್ ನೋಡ್ದೆ ಅಂತ ಏಳು. ಏಳೋಗಂಟ ಇಳಿಯಾಕಿಲ್ಲ."

ಅವನು ಆಕಾಶ ನೋಡಿದ, ಗಡಿಯಾರ ನೋಡಿದ, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟ. "ಅರೇ, ಬಿಡಲ್ವಲ್ಲಕ್ಕಾ ನೀನು! ವ್ಯಾಪಾರದೋನು ನಾನು, ನಾನ್ಯಾಕೆ ಹೇಳ್ಲಿ?" ಎನ್ನುತ್ತಲೇ ಕೆರೆದ ಜಾಗ ತೋರಿಸಿದ. ನೀಲಿ, ಚಾಕಲೇಟು, ಬಿಳಿ, ಮತ್ತೆ ನೀಲಿ, ಇಷ್ಟೆಲ್ಲ ಪದರದ ಕೆಳಗೆ ಬೆರಳಗಲ ಮರ ಕಾಣುತ್ತಿತ್ತು. ಅರಿಶಿನದ ಕೊಂಬು ಮುರಿದಂಥ ಹಳದಿ. ಇಂದಕ್ಕ ಮೂಗು ಹತ್ತಿರ ತಂದು ಮೂಸಿದಳು.

"ಅಲಸು!" ಎಂದು ಕೂಗಿದಳು. "ನಾಗಣ್ಣಾ, ಇದೆಲ್ಲಾ ಅಲಸಿನ ಮರ ಕಣಣ್ಣಾ!"

"ಹಲಸಾದ್ರೇನು, ಬಂಗಾರ ಆದ್ರೇನು? ರೂಮ್ ತುಂಬ್ಬೇಕಲ್ಲ?" ಎಂದರು ನಾಗಭೂಷಣ.

ಆಗ ನಾನು ಬಾಯಿ ಹಾಕಿದೆ. ಹೆಬ್ಬಾಳದ ಕಡೆಯ ಒಂದು ತರಬೇತಿ ಸಂಸ್ಥೆಯವರು ಫೋನು ಮಾಡಿದ್ದರು. ಪಾಠ ಮಾಡಲು ಬರುವವರನ್ನು ಇಳಿಸಲು ಅವರಿಗೆ ಇಡೀ ವರ್ಷಕ್ಕೆ ರೂಮುಗಳು ಬೇಕಿದ್ದವು. ದಸರಾ ಮುಗಿದ ಮಾರನೇ ದಿನ ನೋಡಲು ಬರುತ್ತೇವೆ ಎಂದಿದ್ದರು. ನಮ್ಮ ರೂಮುಗಳ ಅವತಾರ ನೆನೆದು ನಾನು ಅದನ್ನು ಯಾರಿಗೂ ಹೇಳಿರಲಿಲ್ಲ; ಪೇಂಟು ಕೆರೆದು ಈ ಮರ ಹೊಳೆಯಿಸಿದರೆ ಅವರು ಒಪ್ಪಬಹುದು ಎಂದು ಈಗ ಹೇಳಿದೆ.

ನಾಗಭೂಷಣ ಲೋಡ್ ನಿಲ್ಲಿಸುವಂತೆ ತಾಜುದ್ದೀನನಿಗೆ ಕೈ ಮಾಡಿದರು. "ಸರಿ. ಅವರು ಒಪ್ಪಿದ್ರೆ ಲಾಡ್ಜು ಇರುತ್ತೆ. ಒಪ್ಪದಿದ್ರೆ ಮಾರನೇ ದಿನಾನೇ ಪಿ.ಜಿ.ಯವರ ಕೈಗೆ ಕೀ. ಆಮೇಲೆ ಅಳಬಾರ್ದು ಇಂದು."

"ಅಳೋಳಲ್ಲ ನಾನು," ಎಂದು ಇಂದಕ್ಕ ಟೆಂಪೊದಿಂದ ಇಳಿದಳು.

ಹೇಳಿದ್ದೇನೋ ದೊಡ್ಡದಾಗಿಯೇ ಹೇಳಿದಳು. ಆದರೆ ಮರದ ಕೆಲಸ ಅವಳಿಗೆ ಒಂದಿಷ್ಟೂ ಗೊತ್ತಿರಲಿಲ್ಲ. "ಕೊಳೆ ಅಂದ್ಮೇಲೆ ಕೊಳೇನೇ, ಸೋಡಾ ಆಕಿ ಉಜ್ಜಿದ್ರೆ ಓಗ್ತದೆ" ಎಂದು ಬಟ್ಟೆ ಒಗೆಯುವ ಸೋಡಾ ಕಲಸಿ ಒಂದು ಕುರ್ಚಿಯ ಮೇಲೆ ಸುರಿದಳು. ಪೇಂಟೂ ಪೂರ್ತಿ ಹೋಗಲಿಲ್ಲ, ಪೇಂಟು ಎದ್ದ ಕಡೆ ಮರ ರೊಟ್ಟಿ ಹೆಂಚಿನ ಹಾಗೆ ಕಪ್ಪಾಯಿತು. ಆ ಕುರ್ಚಿಯನ್ನು ಅವಳು ಬಟ್ಟೆ ಒಣಗಿಸುವ ತಾರಸಿಯಲ್ಲಿ ಬಚ್ಚಿಟ್ಟಿದ್ದಳು. ಅದನ್ನು ಹುಡುಕಿ ತಂದು ತೋರಿಸಿ ನಕ್ಕವನು ತಾಜುದ್ದೀನ್. ನಗಲು ಬಂದವನು ಉಳಿದುಕೊಂಡ. ಪೇಂಟು ಮೆತ್ತಗಾಗಿಸುವ ದ್ರಾವಣ ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾವ ಮರಳು ಕಾಗದ ಮೊದಲು, ಯಾವುದು ಆಮೇಲೆ, ಎಲ್ಲ ಅವನಿಗೆ ಗೊತ್ತಿತ್ತು. "ಮಂಚ ಸಿಗದಿದ್ರೂ ಕೂಲಿನಾದ್ರೂ ಸಿಗ್ಲಿ ನಂಗೆ," ಎಂದು ಗೊಣಗುತ್ತಲೇ ತೋಳು ಮಡಿಸಿದ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರೂ ಕೆರೆದರು. ನಾನೂ ಬಿಡುವಾದಾಗ ಕೆರೆದೆ. ಒಂದು ಬಣ್ಣ ಎದ್ದರೆ ಅದರ ಕೆಳಗೆ ಇನ್ನೊಂದು ಬಣ್ಣ. "ಈ ನೀಲಿ ನೀನು ಕೆಲಸಕ್ಕೆ ಸೇರಿದ್ ವರ್ಷದ್ದು ಚಿತ್ರಮ್ಮ," ಎಂದು ಇಂದಕ್ಕ ನೆನಪಿಸುತ್ತಿದ್ದಳು. ಕೊನೆಗೆ ಮರ ಬಂದಾಗ ಜೇನುಮೇಣಕ್ಕೆ ಟರ್ಪೆಂಟೈನು ಬೆರೆಸಿ ಹಚ್ಚಿ, ಹಳೇ ಕಾಟನ್ ಸೀರೆಯಲ್ಲಿ ತಿಕ್ಕಿದರು. ಅಬ್ಬಾ, ಆ ಹೊಳಪು! ಇಂಥ ಚೆಲುವೆಯ ಮುಖಕ್ಕೆ ಇಷ್ಟು ವರ್ಷ ಇಷ್ಟು ಬಣ್ಣ ಮೆತ್ತಿದ್ದೆವಲ್ಲ ಎಂದು ನನಗೆ ನಿಜವಾಗಿ ಸಿಟ್ಟು ಬಂತು.

ಕೈ ಪಳಗಿದಮೇಲೆ ಇಂದಕ್ಕ ಮಂಚಕ್ಕೇ ನಿಲ್ಲಲಿಲ್ಲ. ಸೀಟು ಹರಿದ ಕುರ್ಚಿಗಳಿಗೆ ಹತ್ತಿಯ ನವಾರು ಪಟ್ಟಿ ಹೆಣೆಸಿದಳು. ಗಂಟುಗಟ್ಟಿದ ಹಾಸಿಗೆಗಳನ್ನು ಬಿಚ್ಚಿಸಿ ಹತ್ತಿ ಹಿಂಜಿಸಿದಳು. ಮಧ್ಯ ಸವೆದ ಹೊದಿಕೆಗಳ ಅಂಚು ಗಟ್ಟಿಯಿತ್ತು, ಅವೆಲ್ಲ ದಿಂಬಿನ ಗವಸಾದವು. ಮುರಿದುಹೋಗಿದ್ದ ಒಂದು ಮಂಚದ ಹಲಗೆಗಳು ಕನ್ನಡಿಗಳಿಗೆ ಚೌಕಟ್ಟಾದವು. ಕಣ್ಣು ಕುಕ್ಕುವ ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬು ಹಾಕಿಸಿದ್ದು ಮಾತ್ರ ನನ್ನ ಐಡಿಯಾ. ನನಗೂ ಸ್ವಲ್ಪ ಹೆಸರು ಇರಲಿ. ಮೊದಲ ಮಹಡಿ ಮುಗಿದಾಗ ಆದ ಖರ್ಚು, ಆ ಕೊಟೇಶನ್ನಿನಲ್ಲಿ ಬರೀ ಬೀರುಗಳಿಗೆ ಹಾಕಿದ್ದಕ್ಕಿಂತ ಕಡಿಮೆ. ನಾಗಭೂಷಣ ಒಂದು ರೂಮಿನ ಬಾಗಿಲಲ್ಲಿ ನಿಂತು, "ಇದು ನಮ್ ಲಾಡ್ಜೇನ್ರೀ?" ಎಂದು ಎರಡೆರಡು ಸಲ ಕೇಳಿದರು.

ಆಯುಧಪೂಜೆ ಬಂತು. ಬೆಳಗಾಗುತ್ತಲೇ ಇಂದಕ್ಕ ಅಭ್ಯಾಸಬಲದಿಂದ ಆ ಮಹಡಿಯ ಮಂಚಗಳನ್ನೆಲ್ಲ ಅಂಗಳಕ್ಕೆ ಹೊರಿಸಿದಳು. ಕುಂಕುಮ ಇಟ್ಟು, ಹೂ ಹಾಕಿ ಒಳಗೆ ಸೇರಿಸುವುದು ಅವಳ ಲೆಕ್ಕ. "ಮನೇಲಿ ಪೂಜೆ ಮುಗ್ಸಿ ಓಡ್ಬತ್ತೀನಿ" ಎಂದು ಶೆಟ್ಟಿಹಳ್ಳಿಗೆ ಹೋದಳು. ನಾನು ಮಾವಿನ ಸೊಪ್ಪು ಕೊಳ್ಳಲು ಮಾರ್ಕೆಟ್ಟಿಗೆ ಹೋದೆ. ಇಷ್ಟು ದಿನ ಲಕ್ಕಣ್ಣನವರು ಕಣ್ಣಿನ ಪೊರೆ ತೆಗೆಸಿಕೊಂಡು ದೊಡ್ಡಬಳ್ಳಾಪುರದ ಮಗಳ ಮನೆಯಲ್ಲಿದ್ದರು. ಇಲ್ಲಿ ನಡೆದದ್ದನ್ನು ಅವರಿಗೆ ನಾಗಭೂಷಣ ಹೇಳಿರುತ್ತಾರೆ ಎಂದು ನಾವು, ನಾವು ಹೇಳಿರುತ್ತೇವೆ ಎಂದು ನಾಗಭೂಷಣ. ಅಂತೂ ಯಾರೂ ಹೇಳಿರಲಿಲ್ಲ.

ನಾನೂ ಇಂದಕ್ಕನೂ ಗೇಟಿನಲ್ಲಿ ಒಟ್ಟಿಗೇ ಕಾಲಿಟ್ಟೆವು. ಅಂಗಳದ ತುಂಬ ಹಸಿರು. ಹಸಿರು ಮಂಚ, ಹಸಿರು ಮಂಚ, ಹಸಿರು ಮಂಚ. ಹಬ್ಬಕ್ಕೆಂದೇ ಬಂದಿಳಿದ ಲಕ್ಕಣ್ಣನವರು ಪಂಚೆ ಮೇಲೆ ಕಟ್ಟಿಕೊಂಡು, ಇಬ್ಬರು ಪೇಂಟರುಗಳನ್ನು ಕೂಡಿಕೊಂಡು, ಕೊನೆಯ ಮಂಚದ ಕೊನೆಯ ಕಾಲಿಗೆ ಬ್ರಷ್ಷು ಆಡಿಸುತ್ತಿದ್ದರು.

"ಬಾ ಇಂದು! ಒರಗೆ ಇಟ್ಟು ಒಳ್ಳೇ ಕೆಲ್ಸ ಮಾಡ್ದೆ. ಈ ಸಲ ಎಂಗೈತೆ ಬಣ್ಣ?" ಎಂದರು ನಗುತ್ತ.

ಅಳುವವಳಲ್ಲ ಎಂದಿದ್ದವಳು ನೆಲದ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತಳು. ಸಂಸ್ಥೆಯವರು ನೋಡಲು ಬರುವುದಕ್ಕೆ ಮೊದಲು ಉಳಿದದ್ದು ವಿಜಯದಶಮಿ ಒಂದೇ ದಿನ. ಕೆರೆದ ಕೈಗಳ ಗಾಯ ಇನ್ನೂ ಮಾಸಿರಲಿಲ್ಲ. ನನಗೆ ಯಜಮಾನರ ಮೇಲೆ ಕೂಗಿಬಿಡಬೇಕು ಅನ್ನಿಸಿತು.

"ಯಾಕಮ್ಮಣ್ಣಿ, ಅಬ್ಬದ್ ದಿನ ಅಳ್ತೀಯ?" ಮುದುಕರು ಗಾಬರಿಯಾದರು.

ಇಂದಕ್ಕ ದಡಕ್ಕನೆ ಮುಂದೆ ಸರಿದಳು. ಹಬ್ಬದ ಹೊಸ ಸೀರೆಯ ಸೆರಗನ್ನೇ ಹಿಡಿದು ಹತ್ತಿರದ ಮಂಚದ ಕಾಲನ್ನು ರೋಷದಿಂದ ಒರೆಸಿದಳು. ಹಸಿರೆಲ್ಲ ಸೆರಗಿಗೆ ಬಂತು. ಕೆಳಗೆ ಮರ ಹಾಗೇ ಇತ್ತು! ಮೇಣ ಕುಡಿದ ಮರವನ್ನು ಹಸಿ ಪೇಂಟು ಕಚ್ಚಿರಲಿಲ್ಲ.

ಲಕ್ಕಣ್ಣನವರು ಬ್ರಷ್ಷು ಕೆಳಗಿಟ್ಟು ಬಗ್ಗಿದರು. ಪೊರೆ ತೆಗೆದ ಕಣ್ಣನ್ನು ಮರಕ್ಕೆ ಹತ್ತಿರ ತಂದರು. ಹೆಬ್ಬೆರಳಿನಿಂದ ಸವರಿದರು. ಆಮೇಲೆ ಅವರ ದನಿಯೇ ಬದಲಾಯಿತು.

"ಇದು ನಮ್ಮವ್ವ ಇಕ್ಕಿದ್ ಅಲಸು," ಅಂದರು. "ಇದೇ ಜಾಗದಾಗೆ ಸಾಲಾಗಿ ನಿಂತಿದ್ವು. ಕಟ್ಟಡಕ್ಕೇಂತ ಕಡಿಸ್ದಾಗ, ಮಾರ್‌ಬ್ಯಾಡ ಮಗ, ಮನೆ ಒಳಗೇ ಇರ್ಲಿ ಅಂದ್ಲು ಅವ್ವ. ಅದ್ಕೇ ಮಂಚ ಮಾಡಿಸ್ದೆ. ಬಣ್ಣ ಬಳ್ದೂ ಬಳ್ದೂ ನಾನೇ ಮರ್ತೋಗಿದ್ದೆ ಕಣಮ್ಮಣ್ಣಿ."

ಹೆಗಲ ಮೇಲಿನ ಟವೆಲು ತೆಗೆದು, ಅವರೇ ಮೊದಲು ಕೂತು ಒರೆಸತೊಡಗಿದರು. ಆಮೇಲೆ ಯಾರು ಸುಮ್ಮನಿರುತ್ತಾರೆ! ನಾಗಭೂಷಣ ಓಡಿ ಟರ್ಪೆಂಟೈನು ತಂದರು. ಬಳಿದ ಪೇಂಟರುಗಳೇ ಒರೆಸಲು ಕೂತರು. ಫೋನು ಮಾಡಿದ್ದೇ ತಡ, ತಾಜುದ್ದೀನ್ ಮೇಣದ ಡಬ್ಬದ ಸಮೇತ ಹಾಜರು. ಮಧ್ಯಾಹ್ನದ ಹೋಳಿಗೆಯನ್ನು ನಾವೆಲ್ಲ ಟರ್ಪೆಂಟೈನಿನ ವಾಸನೆಯಲ್ಲೇ ತಿಂದೆವು. ವಿಜಯದಶಮಿ ಪೂರ್ತಿ ಮೇಣ ತಿಕ್ಕಿ, ಸಂಜೆಗೆ ಮಂಚಗಳೆಲ್ಲ ರೂಮು ಸೇರಿದವು. ಜೋಡಣೆಯ ಸಂದುಗಳಲ್ಲಿ ಮಾತ್ರ ದಾರದಂಥ ಹಸಿರು ಗೆರೆ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮಾರನೇ ದಿನ ಸಂಸ್ಥೆಯಿಂದ ಬಂದವರು ಶುಭಾ ಎಂಬ ಹೆಂಗಸು. ಮಾತು ಕಡಿಮೆ, ಮುಖ ಬಿಗಿ. ಮೊದಲ ಮಹಡಿಯ ಒಂದೊಂದು ರೂಮಿನಲ್ಲೂ ನಲ್ಲಿ ತಿರುಗಿಸಿದರು, ಹಾಸಿಗೆ ಒತ್ತಿದರು. ಕೊನೆಯ ರೂಮಿನಲ್ಲಿ ಚಪ್ಪಲಿ ಬಿಟ್ಟು ನವಾರಿನ ಕುರ್ಚಿಯಲ್ಲಿ ಕೂತರು. ಆಮೇಲೆ ಮಂಚದ ಮೇಲೆ ಕೈಯಾಡಿಸಿ, ಸಂದಿನ ಹಸಿರನ್ನು ಉಗುರಿನಿಂದ ಮುಟ್ಟಿ, "ಇದೇನು?" ಎಂದರು.

ಮುಗಿಯಿತು ಅಂದುಕೊಂಡೆ. ಇಂದಕ್ಕ ಮುಂದೆ ಬಂದಳು. ಹಲಸಿನ ಸಾಲು, ಅವ್ವನ ಮಾತು, ವರ್ಷ ವರ್ಷದ ಬಣ್ಣ, ತಾನು ಕಪ್ಪು ಮಾಡಿದ ಕುರ್ಚಿ, ಮೊನ್ನೆಯ ಹಸಿರು, ಒಂದನ್ನೂ ಬಿಡದೆ ತನ್ನ ದೊಡ್ಡ ಗಂಟಲಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಕೆರೆದು ಗಾಯವಾದ ಕೈ ತೋರಿಸಿದಳು. ಶುಭಾ ಮೊದಲ ಸಲ ನಕ್ಕರು.

"ಬೇರೆ ಕಡೆ ಎಲ್ಲ ನೋಡ್ಬಂದೆ. ಎಲ್ಲಿ ನೋಡಿದ್ರೂ ಅದೇ ಪ್ಲೈವುಡ್ಡು, ಅದೇ ಬಿಳಿ ಲೈಟು. ನಮ್ಮವರು ಇಲ್ಲೇ ಇಳ್ಕೊಳ್ಲಿ. ಆದ್ರೆ ಒಂದು ಕಂಡೀಶನ್," ಎಂದು ಲಕ್ಕಣ್ಣನವರ ಕಡೆ ತಿರುಗಿದರು. "ಇನ್ಮೇಲೆ ಇದಕ್ಕೆ ಯಾರೂ ಪೇಂಟ್ ಹೊಡೀಬಾರ್ದು."

ಲಕ್ಕಣ್ಣನವರು ಇನ್ನೂ ಹಸಿರು ಬಿಡದ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ತಲೆಯಾಡಿಸಿದರು. ಇಂದಕ್ಕ ಕಾರಿಡಾರಿಗೆ ಬಂದು ಹಾಕಿದ ಕೇಕೆಗೆ ಎದುರಿನ ಬೇಕರಿಯವರು ಹೊರಗೆ ಬಂದರು.

ಪಿ.ಜಿ. ಮಾತು ಅಲ್ಲಿಗೇ ನಿಂತಿತು. ಮಿಕ್ಕ ಮಹಡಿಗಳೂ ಹಾಗೇ ಆದವು. ಈಗ ತಾಜುದ್ದೀನನ ಟೆಂಪೊ ನಮ್ಮ ಸಾಮಾನು ಒಯ್ಯಲು ಬರುವುದಿಲ್ಲ, ಆರ್.ಟಿ. ನಗರದ, ಹೆಬ್ಬಾಳದ ಹೋಟೆಲುಗಳು ಹೊರಗೆ ಹಾಕಿದ ಮಂಚ, ಮೇಜುಗಳನ್ನು ಇಂದಕ್ಕನ ಮುಂದೆ ಇಳಿಸಲು ಬರುತ್ತದೆ. ಅವಳಿಗೆ ಹಿತ್ತಿಲ ಶೆಡ್ಡು ಬಿಟ್ಟುಕೊಟ್ಟಿದ್ದಾರೆ. ಅಬ್ಬಿಗೆರೆಯ ಇಬ್ಬರು ಹೆಂಗಸರು ಅವಳ ಕೈಕೆಳಗೆ ಮರಳು ಕಾಗದ ಹಿಡಿದು ಬೈಸಿಕೊಳ್ಳುತ್ತಾರೆ. ಸೋಡಾ ಬಳಿದ ಕಪ್ಪು ಕುರ್ಚಿಯಲ್ಲಿ ಅವಳೇ ಕೂರುತ್ತಾಳೆ.

ಈ ಸಲದ ಆಯುಧಪೂಜೆಗೆ ಲಕ್ಕಣ್ಣನವರು ಮತ್ತೆ ಹಸಿರು ಡಬ್ಬ ಹಿಡಿದು ಬಂದರು. ಇಂದಕ್ಕ ಸೊಂಟಕ್ಕೆ ಕೈ ಕೊಟ್ಟು ಗೇಟಿಗೆ ಅಡ್ಡ ನಿಂತಳು.

"ಯಜಮಾನ್ರೇ, ಡಬ್ಬ ಕೆಳಗಿಡಿ."

"ಸ್ವಲ್ಪ ಸುಮ್ಕಿರಮ್ಮಣ್ಣಿ," ಎಂದು ಅವರು ಅವಳನ್ನು ದಾಟಿಕೊಂಡು ಹಿತ್ತಿಲಿಗೆ ನಡೆದರು. ಶೆಡ್ಡಿನ ಬಾಗಿಲ ಮೇಲೆ ಹೊಸ ಹಲಗೆ ಹೊಡೆಸಿದ್ದರು. ಅದರ ಮೇಲೆ, ಒಂದಕ್ಷರ ದೊಡ್ಡದು ಒಂದಕ್ಷರ ಸಣ್ಣದಾಗಿ, ಅವರೇ ಬರೆದರು: ಇಂದು ಮರಗೆಲಸ. ಇಂದಕ್ಕ ಹತ್ತಿರ ಬಂದು, ಅಕ್ಷರದಿಂದ ಸೋರಿದ ಹಸಿರನ್ನು ಸೆರಗಿನ ತುದಿಯಿಂದ ಒರೆಸಿದಳು. ಈಗ ನಮ್ಮ ಲಾಡ್ಜಿನಲ್ಲಿ ವರ್ಷಕ್ಕೊಮ್ಮೆ ಪೇಂಟು ಹೊಡೆಯಲು ಅಪ್ಪಣೆ ಇರುವುದು ಆ ಹಲಗೆಗೆ ಮಾತ್ರ.