ಒದ್ದೆ ಗೋಣಿ ಹೊದ್ದ ಫೋನು

ಶಿಡ್ಲಘಟ್ಟದ ಹತ್ತಿರವಿರುವ ಚಿಕ್ಕಪ್ಪನ ಮನೆಗೆ ಕಾಲಿಟ್ಟರೆ, ಜಗಲಿಯ ಮೇಲೆ ಅವರ ಸ್ಮಾರ್ಟ್‌ಫೋನು ಒದ್ದೆ ಗೋಣಿಚೀಲ ಹೊದ್ದು ಮಲಗಿತ್ತು. ಚಾರ್ಜರ್ ಸಿಕ್ಕಿಸಿಯೇ ಇತ್ತು. ಗೋಣಿಯೊಳಗಿಂದ ಕಾಮಿಡಿ ವಿಡಿಯೊದವರು ಕಿರುಚುತ್ತಿದ್ದರು.

"ಇದೇನ್ ಚಿಕ್ಕಪ್ಪ?" ಎಂದೆ.

"ಸುಡ್ತಾ ಇತ್ತು ಕಣಪ್ಪ, ಬ್ಯಾಟ್ರಿನೂ ನಿಲ್ತಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ರೆ ಅಷ್ಟು ದೊಡ್ಡ ರೇಷ್ಮೆಹುಳದ ಮನೆನೇ ತಣ್ಣಗಾಗ್ತದೆ, ಇದ್ಯಾವ ಲೆಕ್ಕ?"

ನಾನು ಓಡಿಹೋಗಿ ಚಾರ್ಜರ್ ಕಿತ್ತೆ. ವಿಡಿಯೊ ನಿಲ್ಲಿಸಿ, ಆ ರೊಟ್ಟಿಯಷ್ಟು ದಪ್ಪದ ಕವರ್ ತೆಗೆಯಿರಿ ಎನ್ನುವಷ್ಟರಲ್ಲಿ ಫೋನು ಸತ್ತಿತು, ಬಿಸಿಯಿಂದಲ್ಲ, ನೀರಿನಿಂದ. ಅವತ್ತೇ ರೇಷ್ಮೆಹುಳು ಹಣ್ಣಾಗಿ, ನೂಲು ಬಿಡಲು ಸಿದ್ಧವಾಗಿದ್ದವು. ಅವು ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆ ತರುತ್ತಿದ್ದ ವ್ಯಾನಿನವನು, ದಾರಿ ಕೇಳಲು ಆ ಫೋನಿಗೇ ಕರೆ ಮಾಡಿ ಮಾಡಿ, ಪಕ್ಕದ ಊರೆಲ್ಲ ಸುತ್ತಿ, ಹೊತ್ತು ಮುಳುಗಿದ ಮೇಲೆ ಬಂದ. ಅಷ್ಟರಲ್ಲಿ ಎಷ್ಟೋ ಹುಳು ಸಾಕುವ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗಿದ್ದವು.

ಇಷ್ಟಾದ ಮೇಲಾದರೂ ಬುದ್ಧಿ ಬಂದಿರಬಹುದು ಎಂದುಕೊಂಡು, ಹೊಸ ಫೋನು ಕೊಳ್ಳಲು ಚಿಕ್ಕಪ್ಪನ ಜೊತೆ ಚಿಂತಾಮಣಿಗೆ ಹೋದೆ. ಅವರು ಅಂಗಡಿಯವನನ್ನು ಕೇಳಿದ್ದು ಒಂದೇ ಮಾತು: "ಗೋಣಿಯೊಳಗೆ ಇಟ್ರೂ ಕೆಡಬಾರ್ದು, ಅಂಥದ್ದು ತೋರ್ಸಪ್ಪ."